ನಂಬರ್ 155

2013ರ ಮೇ ತಿಂಗಳಲ್ಲಿ ನಾನು ಲೆಕ್ಕ ಬರೆಯುತ್ತಿದ್ದ ಆಂಟ್ವರ್ಪಿನ ವಜ್ರದ ಕಚೇರಿ ದಿವಾಳಿ ಎದ್ದಿತು. ಅದೇ ತಿಂಗಳು ಊರಿನ ಬೇರ್‌ಸ್ಕೋಟ್ ಫುಟ್‌ಬಾಲ್ ಕ್ಲಬ್ಬೂ ದಿವಾಳಿಯಾಯಿತು. ಪೇಪರಿನಲ್ಲಿ ಬಂದದ್ದು ಎರಡನೆಯದು.

ಬೆಲ್ಜಿಯಂನಲ್ಲಿ ಆಗ ನನ್ನಂಥವರ ಕೆಲಸದ ಪರ್ಮಿಟ್ಟು ಒಬ್ಬನೇ ಮಾಲೀಕನಿಗೆ ಗಂಟು ಬಿದ್ದಿರುತ್ತಿತ್ತು. ಅವಧಿ ಹೆಚ್ಚೆಂದರೆ ಒಂದು ವರ್ಷ. ಮಾಲೀಕ ಮುಳುಗಿದರೆ ಪರ್ಮಿಟ್ಟೂ ಮುಳುಗಿದಂತೆಯೇ. ಬೇರೊಬ್ಬ ಸಿಗಬೇಕು, ಅವನು ಅರ್ಜಿ ಹಾಕಬೇಕು, ಅದು ಮಂಜೂರಾಗಬೇಕು. ಸಂಬಳ ಬೇರೆ ಬಾಕಿ. ಅದಕ್ಕೆಂದೇ ಸರ್ಕಾರದ ನಿಧಿಯೊಂದಿದೆ, ಆದರೆ ಅದು ತನ್ನ ಪಾಡಿಗೆ ನಿಧಾನ. ಕೋರ್ಟು ನೇಮಿಸಿದ ಕ್ಯುರೇಟರ್ ಬಂದು ತಕ್ಕಡಿ, ಕುರ್ಚಿ, ಕೊನೆಗೆ ಕಾಫಿ ಮಷಿನ್ನನ್ನೂ ಪಟ್ಟಿಗೆ ಸೇರಿಸಿಕೊಂಡರು. ನನ್ನ ಮೇಜಿನ ಮೇಲಿದ್ದ ರಾಯರ ಫೋಟೋ ಎತ್ತಿ ನೋಡಿ, ಬೆಲೆ ಬಾಳುವುದಲ್ಲವೆಂದು ನನ್ನ ಕೈಗೇ ಕೊಟ್ಟರು.

"ರೀ, ಮೈಸೂರಿಗೆ ಹೋಗಿಬಿಡೋಣ" ಎಂದಳು ಹೆಂಡತಿ. ಮಗಳ ಶಾಲೆ ಮುಗಿಯಲಿ ಎಂದೆ. ಅದು ನೆಪ. ಬರಿಗೈಯಲ್ಲಿ ಅಪ್ಪನ ಮುಂದೆ ನಿಲ್ಲುವ ಧೈರ್ಯ ನನಗಿರಲಿಲ್ಲ.

ನಮ್ಮ ಮನೆ ವಿಲ್‌ರೈಕ್‌ನಲ್ಲಿತ್ತು, ಗುಜರಾತಿ ವಜ್ರದ ವ್ಯಾಪಾರಿಗಳು ಕಟ್ಟಿಸಿದ ಅಮೃತಶಿಲೆಯ ಜೈನ ಬಸದಿ ಇರುವ ಬಡಾವಣೆ. ಕೆಳಗಿನ ಮನೆಯ ಮುದುಕರು ಬೇರ್‌ಸ್ಕೋಟ್ ಭಕ್ತರು. ಆ ಬೇಸಿಗೆಯಲ್ಲಿ ನಾವಿಬ್ಬರೂ ನಿರುದ್ಯೋಗಿಗಳಂತೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದೆವು. ಅವರ ಬಾಯಲ್ಲಿ ಆ ಕ್ಲಬ್ಬಿನ ಹಳೆಯ ಆಟಗಾರ ರಿಕ್ ಕೊಪ್ಪೆನ್ಸ್ ಹೆಸರು ಬಾರದ ದಿನವಿಲ್ಲ. 1957ರಲ್ಲಿ ಐಸ್‌ಲ್ಯಾಂಡ್ ವಿರುದ್ಧ ಪೆನಾಲ್ಟಿಯನ್ನು ನೇರ ಒದೆಯದೆ ಜೊತೆಗಾರನಿಗೆ ತಳ್ಳಿ, ವಾಪಸ್ ತೆಗೆದುಕೊಂಡು ಗೋಲು ಹೊಡೆದವನು ಆತ. ಡಚ್ ಆಟಗಾರ ಕ್ರೈಫ್ ಅದನ್ನೇ 1982ರಲ್ಲಿ ಮಾಡಿ ಹೆಸರು ಬಾಚಿಕೊಂಡನೆಂದು ಮುದುಕರಿಗೆ ಇನ್ನೂ ಸಿಟ್ಟು.

ಬೆಲ್ಜಿಯಂನ ಪ್ರತಿ ಕ್ಲಬ್ಬಿಗೂ ಒಂದು ನೋಂದಣಿ ಸಂಖ್ಯೆ ಇರುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಕ್ಲಬ್ಬು ಸಾಮಾನ್ಯವಾಗಿ ಹಳೆಯದು. ಕ್ಲಬ್ಬು ಸತ್ತರೆ ಸಂಖ್ಯೆಯೂ ಅಳಿಯುತ್ತದೆ. 1899ರಲ್ಲಿ ಹುಟ್ಟಿ, ಏಳು ಸಲ ಚಾಂಪಿಯನ್ ಆಗಿದ್ದ ಬೇರ್‌ಸ್ಕೋಟ್ ನಂಬರ್ 13. ಅದು 1999ರಲ್ಲಿ ಸಾಲಕ್ಕೆ ಸಿಕ್ಕಿ ಹೋಯಿತು. ಉಳಿದದ್ದು ಎಕೆರೆನ್ ಬಡಾವಣೆಯ ಜರ್ಮಿನಲ್ ಕ್ಲಬ್ಬಿನ ಜೊತೆ ಸೇರಿ, ಅದರ ನಂಬರಿನಲ್ಲೇ ಆಡಿತು. 2005ರಲ್ಲಿ ಬೆಲ್ಜಿಯನ್ ಕಪ್ಪನ್ನೂ ಗೆದ್ದಿತು. 2013ರಲ್ಲಿ ಮೊದಲ ದರ್ಜೆಯ ಕೊನೆಯ ಸ್ಥಾನಕ್ಕೆ ಬಿದ್ದು, ಲೈಸೆನ್ಸೂ ಸಿಗದೆ, ಆ ನಂಬರೂ ಮುಗಿಯಿತು.

ಆಗ ನೆರವಿಗೆ ಬಂದದ್ದು ನಮ್ಮದೇ ಬಡಾವಣೆಯ ಪುಟ್ಟ ಕ್ಲಬ್ಬು, ನಂಬರ್ 155. ಎರಡೂ ಸೇರಿ ಐದನೇ ದರ್ಜೆಯಲ್ಲಿ, ಅಂದರೆ ಪ್ರಾಂತ್ಯದ ಲೀಗಿನಲ್ಲಿ ಆಟ ಶುರು ಮಾಡಿದವು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ. ಅವರಿಗೆ ಬಿದ್ದರೂ ನಿಲ್ಲಲು ಕೆಳಗೊಂದು ದರ್ಜೆಯಿತ್ತು. ನನ್ನ ಕೆಳಗೆ ಇದ್ದದ್ದು ವಿಮಾನದ ಟಿಕೆಟ್ಟು ಮಾತ್ರ.

ಮುದುಕರು ನನ್ನನ್ನು ಕೀಲ್‌ನ ಒಲಿಂಪಿಕ್ ಸ್ಟೇಡಿಯಂಗೆ ಎಳೆದೊಯ್ದರು, ಟಿಕೆಟ್ಟು ಅವರದೇ. 1920ರ ಒಲಿಂಪಿಕ್ಸ್ ನಡೆದ ಅಂಗಳ. ಎದುರಾಳಿಗಳು ಹಗಲು ಕೆಲಸ ಮುಗಿಸಿ ಬಂದು ಆಡುವ ಹಳ್ಳಿ ಹುಡುಗರು, ನೋಡಲು ನೇರಳೆ ಶಾಲು ಹೊದ್ದ ಸಾವಿರಾರು ಜನ. ಒಮ್ಮೆ ಹಳ್ಳಿಯೊಂದಕ್ಕೂ ಹೋದೆವು. ಬೇಲಿಯಾಚೆ ಹಸುಗಳು, ಬಂದ ಜನಸಾಗರ ಕಂಡು ಕ್ಯಾಂಟೀನಿನ ಹೆಂಗಸು ಗಂಡನಿಗೆ ಫೋನ್ ಮಾಡಿ ಇನ್ನಷ್ಟು ಬಿಯರು ತರಿಸಿದರು. ನಾನು ಜೇಬಿನ ಚಿಲ್ಲರೆ ಎಣಿಸಿ ಒಂದು ಪೊಟ್ಟಣ ಫ್ರಿಟ್ ಕೊಂಡೆ. ಮುದುಕರು ಅದನ್ನು ನೋಡಿಯೂ ನೋಡದಂತೆ ಇದ್ದರು. ಆ ಸೌಜನ್ಯಕ್ಕೆ ನಾನು ಇಂದಿಗೂ ಋಣಿ.

ಚಳಿಗಾಲಕ್ಕೆ ಮುಂಚೆ ಇನ್ನೊಂದು ಕಚೇರಿ ನನ್ನ ಪರವಾಗಿ ಅರ್ಜಿ ಹಾಕಿತು. ಸಂಬಳ ಮೊದಲಿಗಿಂತ ಕಡಿಮೆ. ಪರ್ಮಿಟ್ಟು ಬರುವವರೆಗೆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಮಗಳ ಚಳಿಯ ಕೋಟಿಗೆ ಹೆಂಡತಿ ಬಳೆ ಮಾರಿದಳು. ಹಳೆ ಬಾಕಿ ನಿಧಿಯಿಂದ ಬಂದಾಗ ಮೊದಲು ಬಳೆ ಮಾಡಿಸಿಕೊಟ್ಟೆ. ಅದೇ ವಿನ್ಯಾಸ ಸಿಗಲಿಲ್ಲ.

ಬೇರ್‌ಸ್ಕೋಟ್ ಆ ವರ್ಷ ಲೀಗ್ ಗೆದ್ದು ಮೇಲೇರಿತು. ಮೊದಲ ದರ್ಜೆ ಮುಟ್ಟಲು 2020 ಬೇಕಾಯಿತು. 2022ರಲ್ಲಿ ಮತ್ತೆ ಇಳಿಯಿತು, 2024ರಲ್ಲಿ ಹತ್ತಿತು, 2025ರಲ್ಲಿ ಇಳಿಯಿತು. ನಂಬರ್ ಮಾತ್ರ 155. ಮುದುಕರಿಗೆ ಅದು ಕೊನೆಗೂ ಒಗ್ಗಲಿಲ್ಲ, 13 ಎಂದೇ ಹೇಳುತ್ತಿದ್ದರು.