ಮೂರು ಬಳೆಗಳ ಲೇಖನಿ

ಮೆರುಗು ಎಂಬುದು ಎಲ್ಲರ ಕಣ್ಣಿಗೂ ಪ್ರಿಯವಾದುದು. ಆದರೆ ಮೆರುಗು ವಸ್ತುವಿನ ಗುಣವನ್ನು ಬೆಳಗಬೇಕೇ ಹೊರತು ಮುಚ್ಚಬಾರದೆಂಬ ಮಾತು ನಮಗೆ ಮನದಟ್ಟಾದುದು ಒಂದು ಮರದ ಲೇಖನಿಯಿಂದ.

ಊರಿನ ನಮ್ಮ ಹಳೆಯ ಮನೆಯನ್ನು ಇಳಿಸಿದಾಗ ಪಡಸಾಲೆಯ ಹಲಸಿನ ಕಂಬವೊಂದರ ತುಂಡನ್ನು ತಂದಿರಿಸಿಕೊಂಡಿದ್ದೆವು. ಆ ಕಂಬದ ಕೊರಳಿನಲ್ಲಿ ಮೂರು ಬಳೆಗಳನ್ನು ಕಡೆದಿದ್ದರು. ನಿವೃತ್ತ ಉಪಾಧ್ಯಾಯರಾದ ನಮ್ಮ ತೀರ್ಥರೂಪರಿಗೆ ಎಂಬತ್ತು ದಾಟಿದೆ. ಕೈ ನಡುಗತೊಡಗಿದ ಮೇಲೆ ನುಣುಪಾದ ಪೆನ್ನುಗಳು ಅವರ ಬೆರಳಿನಿಂದ ಜಾರುತ್ತಿದ್ದವು. ಪತ್ರ ಬರೆಯುವುದನ್ನೇ ಅವರು ನಿಲ್ಲಿಸಿದ್ದರು. ಆ ಮರದಲ್ಲಿಯೇ ಒಂದು ಲೇಖನಿ ಮಾಡಿ, ಬೆರಳು ಹಿಡಿಯುವೆಡೆಯಲ್ಲಿ ಅದೇ ಮೂರು ಬಳೆಗಳನ್ನು ಎಬ್ಬಿಸಿದರೆ ಹಿಡಿತಕ್ಕೂ ಆಯಿತು, ಮನೆಯ ನೆನಪಿಗೂ ಆಯಿತು ಎಂದು ಯೋಚಿಸಿದೆವು. ಮಗನು ಸಣ್ಣ ಲೇತ್ ಯಂತ್ರದಲ್ಲಿ ಅದನ್ನು ಅಂದವಾಗಿ ಕಡೆದುಕೊಟ್ಟನು.

ಮೆರುಗು ಕೊಡುವ ಕೆಲಸವನ್ನು ನಾವು ವಹಿಸಿಕೊಂಡೆವು, ಅಲ್ಲಿಯೇ ಎಡವಿದೆವು. ಹೆಚ್ಚು ಬಳಿದಷ್ಟೂ ಹೆಚ್ಚು ಹೊಳೆಯುವುದೆಂದು ಭಾವಿಸಿ, ವಾರ್ನಿಷನ್ನು ಕುಂಚದಿಂದ ದಪ್ಪನಾಗಿ ಮೂರು ಬಾರಿ ಬಳಿದೆವು. ಲೇಖನಿಯೇನೋ ಗಾಜಿನಂತೆ ಹೊಳೆಯಿತು. ಆದರೆ ದ್ರವವು ಉಬ್ಬಿನ ಮೇಲೆ ನಿಲ್ಲದೆ ತಗ್ಗಿಗೆ ಇಳಿಯುವುದು ಸಹಜವಷ್ಟೆ. ಬಳೆಗಳ ನಡುವಣ ತಗ್ಗುಗಳೆಲ್ಲ ತುಂಬಿಹೋಗಿದ್ದವು. ತೀರ್ಥರೂಪರು ಒಂದು ಸಾಲು ಬರೆಯುವಷ್ಟರಲ್ಲಿ ಲೇಖನಿ ಜಾರಿ ಬಿದ್ದಿತು. “ಬಹಳ ಚೆನ್ನಾಗಿದೆ” ಎಂದು ಹೇಳಿ ಅದನ್ನು ಪೆಟ್ಟಿಗೆಯಲ್ಲಿ ಇರಿಸಿಬಿಟ್ಟರು. ಆ ಮಾತು ನಮ್ಮನ್ನು ಬೈಗುಳಕ್ಕಿಂತ ಹೆಚ್ಚಾಗಿ ನೋಯಿಸಿತು.

ಕೆಲಕಾಲದ ಮೇಲೆ ಚನ್ನಪಟ್ಟಣಕ್ಕೆ ಹೋದಾಗ ಹಿರಿಯ ಕುಶಲಕರ್ಮಿಯೊಬ್ಬರ ಕೆಲಸವನ್ನು ನೋಡುತ್ತ ನಿಂತೆವು. ತಿರುಗುತ್ತಿರುವ ಹಾಲೆಮರದ ಬೊಂಬೆಗೆ ಅವರು ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಿದ್ದರು. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತಿತ್ತು. ಬಳಿಕ ತಾಳೆಗರಿಯ ತುಂಡನ್ನು ಒತ್ತಿ ಹಿಡಿದೊಡನೆ ಅರಗು ಸಮನಾಗಿ ಹರಡಿ ಹೊಳಪು ಏಳುತ್ತಿತ್ತು. ತಗ್ಗು ಬಂದೆಡೆ ಗರಿಯ ಅಂಚನ್ನಷ್ಟೇ ತಾಗಿಸುತ್ತಿದ್ದರು. ಇಷ್ಟು ತೆಳುವಾಗಿ ಏಕೆಂದು ಕೇಳಿದ್ದಕ್ಕೆ, “ಮೊದಲು ಮರ ನಯವಾಗಬೇಕು ಸ್ವಾಮಿ, ಆಮೇಲೆ ಅರಗು ಚೂರು ಸಾಕು” ಎಂದರು.

ಮನೆಗೆ ಮರಳಿದವರೇ ಲೇಖನಿಯನ್ನು ಪೆಟ್ಟಿಗೆಯಿಂದ ತೆಗೆದೆವು. ಹಳೆಯ ವಾರ್ನಿಷನ್ನು ಕಳೆಯುವುದು ಬಳಿದಷ್ಟು ಸುಲಭವಾಗಿರಲಿಲ್ಲ. ಉಪ್ಪುಕಾಗದವನ್ನು ಮಡಿಚಿ, ಮಡಿಕೆಯ ಅಂಚಿನಿಂದ ತಗ್ಗುಗಳನ್ನು ಒಂದೊಂದಾಗಿ ಬಿಡಿಸಿದೆವು. ಆತುರದಲ್ಲಿ ನಡುವಣ ಬಳೆಯ ಏಣು ತುಸು ಸವೆದುಹೋಯಿತು. ಅದನ್ನು ಮರಳಿ ತರುವ ಉಪಾಯವಿರಲಿಲ್ಲ. ಆ ಬಳಿಕ 220, 320, 400, 600 ಎಂಬ ಕ್ರಮದಲ್ಲಿ ಹೆಚ್ಚು ಹೆಚ್ಚು ನಯವಾದ ಕಾಗದದಿಂದ ಉಜ್ಜಿ, ಪ್ರತಿ ಬಾರಿಯೂ ಧೂಳನ್ನು ಒರೆಸಿದೆವು. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಮೆತ್ತನೆಯ ಹತ್ತಿಬಟ್ಟೆಯಿಂದ ಸವರಿ, ಒಂದು ಲೇಪ ಆರಿದ ಮೇಲೆ ಇನ್ನೊಂದರಂತೆ ಏಳು ತೆಳುಲೇಪಗಳನ್ನು ಕೊಟ್ಟೆವು. ಮಳೆ ಹಿಡಿದ ದಿನಗಳಲ್ಲಿ ಕೈಯಿಡಲಿಲ್ಲ. ತೇವದ ಗಾಳಿಯಲ್ಲಿ ಅರಗು ಬಿಳಿಚಿಕೊಳ್ಳುತ್ತದೆ. ಅರಗಿಗೆ ಮಿತಿಯೂ ಉಂಟು. ಅತಿ ಬಿಸಿಲಿಗೆ ಅದು ಮೆತ್ತಗಾಗುತ್ತದೆ. ಕೈಗೆ ಸ್ಯಾನಿಟೈಸರ್ ಹಚ್ಚಿ ಆರುವ ಮುನ್ನ ಮುಟ್ಟಿದರೆ ಅದರಲ್ಲಿನ ಮದ್ಯಸಾರಕ್ಕೆ ಕರಗುತ್ತದೆ.

ಈ ಬಾರಿಯ ಹೊಳಪು ಗಾಜಿನದಲ್ಲ, ಮರದ್ದು. ಹಲಸಿನ ಹೊಂಬಣ್ಣದ ಎಳೆಗಳು ಎದ್ದು ಕಂಡವು. ಮೂರು ಬಳೆಗಳೂ ಬೆರಳಿಗೆ ಎಟುಕಿದವು. ತೀರ್ಥರೂಪರು ಏನನ್ನೂ ಹೇಳದೆ ಲೇಖನಿಯನ್ನು ಹಿಡಿದು ನಮ್ಮ ಅಕ್ಕನಿಗೆ ಅರ್ಧ ಪುಟದ ಪತ್ರ ಬರೆದರು. ಅಕ್ಷರಗಳು ನಡುಗಿದ್ದವು, ಲೇಖನಿ ಜಾರಲಿಲ್ಲ. ನಡುವಣ ಬಳೆಯ ಸವೆತವನ್ನು ತೋರಿಸಿ ನಾವು ತಪ್ಪೊಪ್ಪಿಕೊಂಡಾಗ, “ಹೆಬ್ಬೆರಳು ಕೂರುವುದು ಅಲ್ಲಿಯೇ” ಎಂದು ನಕ್ಕರು.

ಹಿರಿಯರಿಗೆ ಏನನ್ನಾದರೂ ಮಾಡಿಕೊಡುವಾಗ ಅದು ನಮ್ಮ ಕಣ್ಣಿಗೆ ಹೇಗೆ ಕಾಣುವುದೆಂದು ನೋಡುತ್ತೇವೆ. ಅವರ ಕೈಗೆ ಹೇಗೆ ಒದಗುವುದೆಂದು ನೋಡಲು ಮರೆಯುತ್ತೇವೆ. ಅದನ್ನು ಕಲಿಯಲು ನಮಗೆ ಒಂದು ಬಳೆಯ ಏಣು ವೆಚ್ಚವಾಯಿತು.