ಒಂದಂಗುಲದ ರಾಜಿ

ಕಾರು ಕೊಂಡವರು ಅದಕ್ಕೆ ನಿಂಬೆಹಣ್ಣು ಕಟ್ಟುವುದು, ಸೀಟಿಗೆ ಹೊಸ ಬಟ್ಟೆ ಹೊದಿಸುವುದು, ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ಗಣಪನನ್ನು ಕೂರಿಸುವುದು ನಮ್ಮ ಬಸವನಗುಡಿಯಲ್ಲಿ ಮೊದಲಿನಿಂದಲೂ ಇದ್ದದ್ದೇ. ಈಗಿನ ಹುಡುಗರಿಗೆ ಇನ್ನೊಂದು ಆಸೆ. ಕಾರು ನೆಲಕ್ಕೆ ಹತ್ತಿರವಾಗಬೇಕಂತೆ. ಚಕ್ರಕ್ಕೂ ಅದರ ಮೇಲಿನ ತಗಡಿನ ಕಮಾನಿಗೂ ನಡುವೆ ಕೈ ತೂರುವಷ್ಟು ಸಂದಿಯಿದ್ದರೆ, ಮಳೆಯಲ್ಲಿ ಪಂಚೆ ಎತ್ತಿ ಕಟ್ಟಿಕೊಂಡವರ ಹಾಗೆ ಕಾಣುತ್ತದೆಂದು ನನ್ನ ಮಗನ ದೂರು.

ಅವನದು ಎಂಟು ವರ್ಷ ಓಡಿದ, ಸೆಕೆಂಡ್‌ಹ್ಯಾಂಡ್ ಚಿಕ್ಕ ಕಾರು. ಸಾಲ ಮಾಡದೆ ಸ್ವಂತ ಸಂಬಳದಲ್ಲಿ ಕೊಂಡದ್ದು. ಹಾಗಾಗಿ ಬೇಡವೆನ್ನುವ ಅಧಿಕಾರ ನನಗಿಲ್ಲ. ಆದರೆ ಅದರ ಹಿಂದಿನ ಸೀಟಿನಲ್ಲಿ ಕೂರುವವರು 82 ವರ್ಷದ ನನ್ನ ತಾಯಿ. ಮೂಳೆ ಸವೆದು ಅವರ ಬೆನ್ನೆಲುಬಿನ ಒಂದು ಮಣಿ ಕುಸಿದಿದೆ. ತಿಂಗಳಿಗೊಮ್ಮೆ ಡಾಕ್ಟರ ಬಳಿಗೆ, ಎರಡು ಸಲ ಚಾಮರಾಜಪೇಟೆ, ಓಕಳಿಪುರ ದಾಟಿ ಮಲ್ಲೇಶ್ವರದ ತಂಗಿಯ ಮನೆಗೆ. ಅವರ ಲೋಕ ಈಗ ಇಷ್ಟೇ. ಕಾರು ಕುಲುಕತೊಡಗಿದರೆ ಅದೂ ಇಲ್ಲ. ಮಗನ ಆಸೆ, ಅಜ್ಜಿಯ ಬೆನ್ನು, ಇಬ್ಬರ ಕಿಸೆ, ಮೂರೂ ಉಳಿಯುವ ದಾರಿ ಹುಡುಕಬೇಕಾಗಿತ್ತು.

ಒಂದು ಶನಿವಾರ ಮಧ್ಯಾಹ್ನ ಇಬ್ಬರೂ ಜೆ.ಸಿ. ರಸ್ತೆಗೆ ಹೋದೆವು. ಪುರಭವನದಿಂದ ಮಿನರ್ವ ವೃತ್ತದವರೆಗಿನ ಆ ರಸ್ತೆಯಲ್ಲಿ ಕಾರಿಗೆ ಸಂಬಂಧಿಸಿದ್ದು ಏನು ಬೇಕಾದರೂ ಸಿಗುತ್ತದೆ. ಕಾರು ತಗ್ಗಿಸಲು ಅಲ್ಲಿ ಮೂರು ದಾರಿ ಹೇಳಿದರು. ಮೊದಲನೆಯದು, ಇರುವ ಸ್ಪ್ರಿಂಗಿನ ಒಂದೆರಡು ಸುತ್ತನ್ನು ಕತ್ತರಿಸುವುದು. ಖರ್ಚು ಒಂದು ಹೋಟೆಲ್ ಊಟದಷ್ಟು. ಎರಡನೆಯದು, ಆ ಮಾದರಿಯ ಕಾರಿಗೆಂದೇ ಮಾಡಿದ ಗಿಡ್ಡ ಸ್ಪ್ರಿಂಗುಗಳು. ಸಾಧಾರಣ ಮೊಬೈಲ್ ಫೋನಿನ ಬೆಲೆ. ಮೂರನೆಯದು, ಎತ್ತರವನ್ನು ಬೇಕಾದಂತೆ ತಿರುಗಿಸಿಕೊಳ್ಳುವ ಕಾಯಿಲ್‌ಓವರ್. ಮೇಷ್ಟ್ರ ತಿಂಗಳ ಸಂಬಳವೇ ಹೋದೀತು. ಅದನ್ನು ಅಲ್ಲೇ ಬಿಟ್ಟೆವು.

ಮನೆಗೆ ಬಂದು ಕಾಗದ, ಪೆನ್ಸಿಲ್ ಹಿಡಿದೆ. ಸ್ಪ್ರಿಂಗಿನ ಹಿಗ್ಗು-ಕುಗ್ಗು ಅದರ ಮೇಲಿನ ಬಲಕ್ಕೆ ತಕ್ಕಷ್ಟೆಂಬ ರಾಬರ್ಟ್ ಹುಕ್‌ನ ನಿಯಮ 1678ರಷ್ಟು ಹಳೆಯದು. ಆರು ಸುತ್ತಿನ ಸ್ಪ್ರಿಂಗಿನಲ್ಲಿ ಒಂದು ಸುತ್ತು ಕತ್ತರಿಸಿದರೆ ಉಳಿದದ್ದು ಶೇ. 20ರಷ್ಟು ಬಿರುಸಾಗುತ್ತದೆ. ಅಷ್ಟೇ ಆದರೆ ಸಹಿಸಬಹುದು. ನಿಜವಾದ ನಷ್ಟ ಬೇರೆ ಕಡೆ ಇದೆ. ಹಳ್ಳ-ದಿಬ್ಬ ಸಿಕ್ಕಾಗ ಚಕ್ರ ಮೇಲಕ್ಕೆ ಸರಿಯಲು ಜಾಗ ಬೇಕು. ಆ ಜಾಗ 8 ಸೆಂಟಿಮೀಟರ್ ಇದೆಯೆಂದಿಟ್ಟುಕೊಳ್ಳಿ. ಕಾರನ್ನು 5 ಸೆಂಟಿಮೀಟರ್ ತಗ್ಗಿಸಿದರೆ ಉಳಿಯುವುದು 3. ಅದೂ ಮುಗಿದ ಮೇಲೆ ರಬ್ಬರಿನ ತಡೆಗೆ ಬಡಿದು, ಏಟು ನೇರವಾಗಿ ಕೂತವರ ಬೆನ್ನಿಗೆ.

ಸ್ಪ್ರಿಂಗ್ ನುಂಗಬಲ್ಲ ಶಕ್ತಿ ಈ ಜಾಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಏಟಿನ ಶಕ್ತಿ ವೇಗದ ವರ್ಗಕ್ಕೆ. ಎರಡನ್ನೂ ಸರಿದೂಗಿಸಿ ನೋಡಿದೆ. ಇದು ಸ್ಥೂಲ ಲೆಕ್ಕ. ಶಾಕ್ ಅಬ್ಸಾರ್ಬರನ್ನು ಇಲ್ಲಿ ಸೇರಿಸಿಲ್ಲ. ಮೊದಲು 20 ಕಿಲೋಮೀಟರ್ ವೇಗದಲ್ಲಿ ದಾಟುತ್ತಿದ್ದ ದಿಬ್ಬವನ್ನು, ಬಿರುಸು ಶೇ. 20 ಹೆಚ್ಚಿದ್ದರೂ, ಎರಡಂಗುಲ ತಗ್ಗಿದ ಕಾರು 8ರಲ್ಲಿ ದಾಟಬೇಕು. ಒಂದೇ ಅಂಗುಲ ತಗ್ಗಿಸಿದರೆ 15ರಲ್ಲಿ ದಾಟಬಹುದು. "ಎಂಟರಲ್ಲಿ ಹೋಗೋದಾದ್ರೆ ಜಟಕಾನೇ ವಾಸಿ" ಎಂದು ಮಗ ನಕ್ಕ. ಎರಡಂಗುಲದ ಮಾತು ಅಲ್ಲಿಗೆ ಮುಗಿಯಿತು.

ಒಂದಂಗುಲವಾದರೂ ನಮ್ಮ ಬೀದಿಗಳಿಗೆ ಒಗ್ಗೀತೇ? ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1988ರ ಮಾನದಂಡದ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಎಂಥ ತಗ್ಗು ಕಾರೂ ಅದರ ಮೇಲೆ ನಿರಾಳವಾಗಿ ದಾಟೀತು. ಉಬ್ಬಿನ ನೆತ್ತಿ ಕಾರಿನ ಹೊಟ್ಟೆಯಡಿ ಬಂದಾಗ ಚಕ್ರಗಳೂ ಉಬ್ಬಿನ ಇಳಿಜಾರಿನ ಮೇಲೆಯೇ ಇರುವುದರಿಂದ, ನೆತ್ತಿಗೂ ಚಕ್ರಕ್ಕೂ ಇರುವ ಅಂತರ 4 ಸೆಂಟಿಮೀಟರ್ ಮಾತ್ರ. ಆದರೆ ಅಡ್ಡರಸ್ತೆಗಳಲ್ಲಿ ಡಾಂಬರು ಸುರಿದು ಗುಡ್ಡೆ ಮಾಡಿದ ಉಬ್ಬುಗಳಿಗೆ ಯಾವ ಮಾನದಂಡ! ಒಂದು ಬೆಳಿಗ್ಗೆ ವಾಕಿಂಗಿಗೆ ಸ್ಕೇಲು ಹಿಡಿದು ಹೋದೆ. ದಾರಿಹೋಕರು ವಿಚಿತ್ರವಾಗಿ ನೋಡಿದರು. ನಮ್ಮ ದಾರಿಯಲ್ಲಿ ಅತಿ ಎತ್ತರದ್ದು 11 ಸೆಂಟಿಮೀಟರ್, ಅಗಲ ಎರಡಡಿಯೂ ಇಲ್ಲ. ಖಾಲಿ ಕಾರಿನ ಹೊಟ್ಟೆ ನೆಲದಿಂದ 17 ಸೆಂಟಿಮೀಟರ್ ಮೇಲಿದೆ. ನಾಲ್ವರು ಕೂತರೆ 14. ಒಂದಂಗುಲ ತಗ್ಗಿದರೆ ಹನ್ನೊಂದೂವರೆ. ಎರಡಂಗುಲ ತಗ್ಗಿದರೆ ತಳ ಉಜ್ಜುವುದು ಖಂಡಿತ.

ಮನೆಯ ಗೇಟಿನದು ಇನ್ನೊಂದು ತೊಡಕು. 1892ರ ಚಾಮರಾಜಪೇಟೆಯಾಗಲಿ, 1898ರ ಪ್ಲೇಗಿನ ನಂತರ ತುಂಬಿದ ಬಸವನಗುಡಿ, ಮಲ್ಲೇಶ್ವರಗಳಾಗಲಿ ಮೋಟಾರು ಕಾರಿಗಾಗಿ ಹುಟ್ಟಿದವಲ್ಲ. ಚರಂಡಿಯ ಚಪ್ಪಡಿ ದಾಟಿಸಲು ಆಮೇಲೆ ಮಾಡಿಸಿಕೊಂಡ ಇಳಿಜಾರುಗಳು ಕಡಿದಾಗಿವೆ. ನಮ್ಮ ಗೇಟಿನ ಮುಂದಿನದನ್ನು ಮೇಸ್ತ್ರಿಯಿಂದ ಒಂದಡಿ ಉದ್ದ ಮಾಡಿಸಿದ್ದಾಯಿತು.

ಸ್ಪ್ರಿಂಗ್ ಕೊಳ್ಳುವ ಮುಂಚೆ ಶಾಕ್ ಅಬ್ಸಾರ್ಬರುಗಳನ್ನು ಪರೀಕ್ಷಿಸಿದೆವು. ವಿಧಾನ ಸುಲಭ. ಕಾರಿನ ಒಂದು ಮೂಲೆಯನ್ನು ಬಲವಾಗಿ ಅದುಮಿ ಬಿಡಿ. ಮೇಲೆದ್ದು ಅಲ್ಲೇ ನಿಂತರೆ ಸರಿ. ಎರಡು ಮೂರು ಸಲ ಕುಣಿದರೆ ಅದರ ಆಯಸ್ಸು ಮುಗಿದಿದೆ. ನಮ್ಮದು ಹಿಂದೆ ಕುಣಿಯಿತು, ಎಣ್ಣೆಯೂ ಸೋರಿತ್ತು. ಅವನ್ನೂ, ಮುಂದಿನ ಸವೆದ ಬುಷ್‌ಗಳನ್ನೂ ಬದಲಿಸಿ, ಟೈರಿನ ಗಾಳಿ ಸರಿಮಾಡಿಸಿದ ಮೇಲೆ ತಿರುವಿನಲ್ಲಿ ಕಾರು ವಾಲುವುದು ಅರ್ಧಕ್ಕರ್ಧ ನಿಂತಿತು. ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ. ಕಾರು ನೆಲಕ್ಕೆ ಅಂಟಿದಂತೆ ಓಡಬೇಕೆಂಬ ಆಸೆ ಬಹಳಷ್ಟು ಇಲ್ಲಿಗೇ ತೀರುತ್ತದೆ. ಉಳಿಯುವುದು ನೋಟದ ಆಸೆ.

ಆ ನೋಟಕ್ಕಾಗಿ ಒಂದಂಗುಲ ಗಿಡ್ಡ ಸ್ಪ್ರಿಂಗುಗಳು ಬಂದವು. ಕತ್ತರಿಸಿದ ಸ್ಪ್ರಿಂಗಿನ ತುದಿ ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂರದೆ, ಚಕ್ರ ಜೋತುಬಿದ್ದಾಗ ಜಾರಬಹುದು. ಇವಕ್ಕೆ ಆ ಭಯವಿಲ್ಲ. ಕಾನೂನನ್ನೂ ನೋಡಿಕೊಳ್ಳಬೇಕು. ನೋಂದಣಿ ಪತ್ರದ ವಿವರಗಳು ತಯಾರಕರು ನಿಗದಿ ಮಾಡಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ. ಆರ್‌ಟಿಓ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಮೊದಲೇ ಕೇಳಿಕೊಳ್ಳುವುದು ಕ್ಷೇಮ. ಹಳೆಯ ಸ್ಪ್ರಿಂಗುಗಳಿಗೆ ಗೋಣಿ ಸುತ್ತಿ ಅಟ್ಟದ ಮೇಲಿಟ್ಟಿದ್ದೇವೆ. ಅಜ್ಜಿ ನೋವೆಂದರೆ ಅದೇ ವಾರ ಅವು ಕೆಳಗಿಳಿಯಬೇಕೆಂಬುದು ಒಪ್ಪಂದ.

ನಾಲ್ಕು ತಿಂಗಳಾಯಿತು. ಮಲ್ಲೇಶ್ವರದ ಪಯಣ ನಿಂತಿಲ್ಲ. ರಸ್ತೆಯ ಸಣ್ಣ ತರಿ ಮೊದಲಿಗಿಂತ ತುಸು ಹೆಚ್ಚು ತಿಳಿಯುತ್ತದೆ ಎನ್ನುತ್ತಾರೆ ಅಮ್ಮ, ಕುಣಿತ ಕಡಿಮೆಯಂತೆ. ಕುಳ್ಳಗಿರುವ ಅವರಿಗೆ ಇಳಿಯುವಾಗ ಕಾಲು ಬೇಗ ನೆಲಕ್ಕೆ ಸಿಗುತ್ತದೆಂಬ ಲಾಭ ನಮ್ಮ ಯಾರ ಲೆಕ್ಕದಲ್ಲೂ ಇರಲಿಲ್ಲ.

ಇಂಥ ಆಸೆಯ ಮಕ್ಕಳು ನಿಮ್ಮ ಮನೆಯಲ್ಲೂ ಇದ್ದರೆ ಜಗಳಕ್ಕಿಳಿಯಬೇಡಿ. ಹಾಗೆ ತಗ್ಗಿಸಿದ ಕಾರೊಂದನ್ನು ಪರಿಚಯದವರಲ್ಲಿ ಹುಡುಕಿ, ನಿಮ್ಮ ಮಗನನ್ನು ಹಿಂದಿನ ಸೀಟಿನಲ್ಲಿ, ಚಕ್ರದ ಮೇಲಕ್ಕೇ ಬರುವ ಮೂಲೆಯಲ್ಲಿ ಕೂರಿಸಿ, ನಿಮ್ಮ ಬೀದಿಯಲ್ಲೇ ಎರಡು ಸುತ್ತು ಹಾಕಿಸಿ. ಎಷ್ಟು ಅಂಗುಲವೆಂದು ಆಮೇಲೆ ಅವನೇ ಹೇಳಲಿ.