ಪಂಚೆಯುಟ್ಟ ಪತ್ತೇದಾರ ಮರಳಿ ಬಂದ!

ಪತ್ತೇದಾರ ಅಂದ್ರೆ ನಮಗೆ ‘ಜೇಡರ ಬಲೆ’ಯ ಅಣ್ಣಾವ್ರು. 1968ರ ಆ ಸಿ.ಐ.ಡಿ. 999ರ ಸೂಟು, ಬೂಟು, ಪಿಸ್ತೂಲು! ಆದರೆ 1993ರಲ್ಲಿ ದೂರದರ್ಶನಕ್ಕೆ ಬಂದ ಬ್ಯೋಮಕೇಶ್ ಬಕ್ಷಿ ಪಂಚೆ ಉಟ್ಟವನು, ಮಾತಲ್ಲೇ ಕಳ್ಳನ ಬೆವರಿಳಿಸೋನು. ಪತ್ತೇದಾರ ಅನ್ನಬೇಡಿ, ಸತ್ಯಾನ್ವೇಷಿ ಅನ್ನಿ ಎಂಬುದು ಅವನ ಪಟ್ಟು. ರಜಿತ್ ಕಪೂರ್‌ಗೆ ನಾನು ಮಾರುಹೋದೆ.

ಹೆಬ್ಬೂರಿನಲ್ಲಿ ಪಕ್ಕದ ಮನೆಯ ಕಪ್ಪು-ಬಿಳುಪು ಟಿ.ವಿ. ಮುಂದೆ ನಾವು ಹತ್ತು ಹುಡುಗರು. ಹಿಂದಿ ಮಾತ್ರ ಸೊನ್ನೆ! ನಮ್ಮಣ್ಣನೇ ಪ್ರತಿ ಮಾತನ್ನೂ ಕನ್ನಡದಲ್ಲಿ ಹೇಳೋನು. ನಾವು ಬಾಯಿ ಬಿಟ್ಕೊಂಡು ಕೇಳೋರು.

2020ರ ಮಾರ್ಚ್ ಕೊನೆ. ಲಾಕ್‌ಡೌನ್. ಬಸ್ಸಿಲ್ಲ, ಥಿಯೇಟರಿಲ್ಲ. ದೂರದರ್ಶನದಲ್ಲಿ ಬ್ಯೋಮಕೇಶ್ ಮತ್ತೆ ಪ್ರತ್ಯಕ್ಷ! ಕುಣಿದಾಡಿಬಿಟ್ಟೆ. ಅಷ್ಟರಲ್ಲಿ ನನಗೂ ಹಿಂದಿ ಬಂದಿತ್ತು. ನೋಡ್ತಾ ನೋಡ್ತಾ ಗೊತ್ತಾಯ್ತು, ಅಣ್ಣ ಅಂದು ಹೇಳಿದ ಕಥೆಯೇ ಬೇರೆ!

ಜಮೀನು ಭಾಗದ ಜಗಳದಲ್ಲಿ ನಾವಿಬ್ಬರೂ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಅವನು ಬೆಂಗಳೂರಲ್ಲಿ ಒಬ್ಬನೇ. ತಡೆಯಲಾರದೆ ಫೋನ್ ಮಾಡಿದೆ.

“ಅಣ್ಣಾ, ಆವಾಗ ನಿಂಗೆ ಹಿಂದಿ ಬರ್ತಿತ್ತಾ?”

ಆ ಕಡೆ ಮೌನ. ಆಮೇಲೆ ಜೋರು ನಗು. “ಎಲ್ಲಿ ಬರ್ತಿತ್ತೋ? ನೀನು ಸಪ್ಪಗಾಗಬಾರ್ದು ಅಂತ ಕಥೆ ಕಟ್ತಿದ್ದೆ ಕಣೋ!”

ಅಂದಿನಿಂದ ಒಂದೊಂದು ಕಂತು ಮುಗಿದಾಗಲೂ ಫೋನು. ಧಾರಾವಾಹಿಯ ನಿರ್ದೇಶಕ ಬಾಸು ಚಟರ್ಜಿ ಅದೇ ಜೂನ್ 4ರಂದು ತೀರಿಕೊಂಡ ಸುದ್ದಿಯನ್ನೂ ನನಗೆ ಮೊದಲು ಹೇಳಿದ್ದು ಅಣ್ಣನೇ.

ಜಮೀನಿನ ಭಾಗ ಇನ್ನೂ ಬಗೆಹರಿದಿಲ್ಲ. ಮಾತು ಮಾತ್ರ ಮತ್ತೆ ನಿಂತಿಲ್ಲ.